ಬಿಸಿಲ ಬೆಳೆಯಲ್ಲಿ ರೈತನ ಪಾಲೆಷ್ಟು?

ಮಳೆ ಬಂದ ವರ್ಷ ಕಡಲೆಕಾಯಿ, ಬಾರದ ವರ್ಷ ಬೆಂಗಳೂರಿನ ಬಸ್ಸು. ಪಾವಗಡ ತಾಲ್ಲೂಕಿನ ಹಳ್ಳಿಗಳು ದಶಕಗಳ ಕಾಲ ಬದುಕಿದ್ದು ಹೀಗೆ. ಬೋರ್‌ವೆಲ್ ಕೊರೆಸಿದರೆ ನೀರು ಸಿಗುವ ಭರವಸೆಯಿಲ್ಲ, ಸಿಕ್ಕ ನೀರಿನಲ್ಲೂ ಫ್ಲೋರೈಡ್. ಅಲ್ಲಿ ಯಾವ ವರ್ಷವೂ ಕೈಕೊಡದ್ದು ಬಿಸಿಲೊಂದೇ. ತಿರುಮಣಿ, ವಳ್ಳೂರು, ರಾಯಚೆರ್ಲು, ಬಳಸಮುದ್ರ, ಕ್ಯಾತಗಾನಚೆರ್ಲು ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಈಗ ಸೋಲಾರ್ ಫಲಕಗಳು ನಿಂತಿವೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ ಪೂರ್ಣಗೊಂಡ ಈ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್.

ಇದನ್ನು ಕಟ್ಟಿದ ಬಗೆಯನ್ನು ಮೆಚ್ಚಲೇಬೇಕು. ಸರ್ಕಾರ ಜಮೀನನ್ನು ಸ್ವಾಧೀನಕ್ಕೆ ತೆಗೆದುಕೊಳ್ಳಲಿಲ್ಲ, ಕೊಳ್ಳಲೂ ಇಲ್ಲ. ಕೇಂದ್ರ ಮತ್ತು ರಾಜ್ಯ ಸೇರಿ 2015ರಲ್ಲಿ ಹುಟ್ಟುಹಾಕಿದ ನಿಗಮವೊಂದು ಎರಡು ಸಾವಿರಕ್ಕೂ ಹೆಚ್ಚು ರೈತರಿಂದ ದೀರ್ಘಾವಧಿಯ ಗುತ್ತಿಗೆ ಬರೆಸಿಕೊಂಡು, ಅದೇ ಜಮೀನನ್ನು ವಿದ್ಯುತ್ ಕಂಪನಿಗಳಿಗೆ ಕೊಟ್ಟಿತು. ಪಹಣಿ ರೈತನ ಹೆಸರಿನಲ್ಲೇ ಉಳಿಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಭೂಸ್ವಾಧೀನದ ನೋಟಿಸ್ ಎಂದರೆ ಬೆಚ್ಚಿಬೀಳುವ ನಾಡಿನಲ್ಲಿ ಇದು ಸಣ್ಣ ಸಾಧನೆಯಲ್ಲ. ಬರದ ವರ್ಷಗಳಲ್ಲಿ ಬೀಜದ ಸಾಲವೂ ತೀರದೆ ಕಂಗಾಲಾಗುತ್ತಿದ್ದವರಿಗೆ ಆ ಮೊತ್ತ ಆಗ ದೊಡ್ಡದಾಗಿಯೇ ಕಂಡಿತ್ತು.

ಆದರೂ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಒಂದು ಮೆಗಾವಾಟ್‌ಗೆ ಇಲ್ಲಿ ಹೆಚ್ಚುಕಡಿಮೆ ಆರೂಕಾಲು ಎಕರೆ. ಅಂದರೆ ಮೊದಲ ದರದಲ್ಲಿ ವರ್ಷಕ್ಕೆ 1.3 ಲಕ್ಷ ರೂಪಾಯಿ ಬಾಡಿಗೆ. ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಒಂದು ಮೆಗಾವಾಟ್ ವರ್ಷಕ್ಕೆ ಏನಿಲ್ಲವೆಂದರೂ 17 ಲಕ್ಷ ಯೂನಿಟ್ ಕೊಡುತ್ತದೆ. ಭಾಗಿಸಿದರೆ ಯೂನಿಟ್‌ಗೆ ಏಳೆಂಟು ಪೈಸೆ. ಬಿಸಿಲ ಬೆಳೆಯಲ್ಲಿ ಹೊಲದ ಒಡೆಯನ ಪಾಲು ಇಷ್ಟೇ. ಎರಡು ವರ್ಷಕ್ಕೆ ಶೇ 5ರ ಏರಿಕೆ ಎಂದರೆ ವರ್ಷಕ್ಕೆ ಎರಡೂವರೆ. ಬೇಳೆ, ಎಣ್ಣೆ, ಮಕ್ಕಳ ಫೀಸು ಇದಕ್ಕಿಂತ ಜೋರಾಗಿ ಓಡುತ್ತವೆ.

ಆ ಪಾಲೂ ಸಿಕ್ಕಿದ್ದು ಪಹಣಿ ಇದ್ದವರಿಗೆ. ಕಳೆ ಕೀಳಲು, ಕಾಯಿ ಬಿಡಿಸಲು ಕೂಲಿಗೆ ಬರುತ್ತಿದ್ದವರಿಗೆ, ಬೀಳು ಹೊಲದಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆ ಕರಾರಿನಲ್ಲಿ ಜಾಗವಿರಲಿಲ್ಲ. ಬೇಲಿ ಬಿದ್ದ ದಿನ ಅವರ ದುಡಿಮೆಯ ನೆಲ ಹೋಯಿತು. ಫಲಕ ಒರೆಸುವ, ಹುಲ್ಲು ಸವರುವ, ಕಾವಲು ಕಾಯುವ ಕೆಲಸ ಕೆಲವರಿಗೆ ಸಿಕ್ಕಿತು. ಸೋಲಾರ್ ಸ್ಥಾವರ ಕಟ್ಟುವಾಗ ನೂರಾರು ಕೈ ಬೇಕು, ಕಟ್ಟಿ ಮುಗಿದ ಮೇಲೆ ಬೆರಳೆಣಿಕೆಯಷ್ಟು ಸಾಕು. ನೀತಿ ಬರೆದವರಿಗೆ ಇದು ತಿಳಿಯದ ವಿಷಯವಾಗಿರಲಿಲ್ಲ.

ರೈತ ಬಾಡಿಗೆ ಎಣಿಸುವುದಕ್ಕಷ್ಟೇ ಸೀಮಿತವಾಗದೆ ಕರೆಂಟು ಮಾರುವವನೂ ಆಗಲಿ ಎಂಬ ಯೋಚನೆ ಇದೇ ರಾಜ್ಯದಲ್ಲಿ ಪಾವಗಡಕ್ಕಿಂತ ಮೊದಲೇ ಮೊಳೆತಿತ್ತು. 2014ರ ‘ಸೂರ್ಯ ರೈತ’ ಯೋಜನೆ ಅದು. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಮುನ್ನೂರಕ್ಕೂ ಹೆಚ್ಚು ರೈತರ ಪಂಪ್‌ಸೆಟ್‌ಗಳಿಗೆ ಸೋಲಾರ್ ಜೋಡಿಸಿ, ನೀರೆತ್ತಿ ಮಿಕ್ಕ ವಿದ್ಯುತ್ತನ್ನು ಬೆಸ್ಕಾಂ ಕೊಳ್ಳುವ ಏರ್ಪಾಡು. ದರ ಯೂನಿಟ್‌ಗೆ 9.56 ರೂಪಾಯಿ, ಸಬ್ಸಿಡಿ ಪಡೆದವರಿಗೆ 7.20. ಇದರ ಹಿಂದಿನ ತರ್ಕ ಜಾಣತನದ್ದು. ಕರೆಂಟು ಪುಕ್ಕಟೆಯಾದರೆ ಮೋಟಾರು ಆಫ್ ಮಾಡುವ ಗೋಜಿಗೆ ಯಾರೂ ಹೋಗುವುದಿಲ್ಲ. ಉಳಿಸಿದ ಪ್ರತಿ ಯೂನಿಟ್‌ಗೂ ಕಾಸು ಬರುತ್ತದೆಂದರೆ ತಾನಾಗಿ ಕೈ ಸ್ವಿಚ್ಚಿನತ್ತ ಹೋಗುತ್ತದೆ, ಅಂತರ್ಜಲವೂ ಉಳಿಯುತ್ತದೆ. ಗುಜರಾತಿನ ಖೇಡಾ ಜಿಲ್ಲೆಯ ಧುಂಡಿ ಎಂಬ ಹಳ್ಳಿಯಲ್ಲಿ 2016ರಲ್ಲಿ ಬೆರಳೆಣಿಕೆಯ ರೈತರು ಸಹಕಾರ ಸಂಘ ಕಟ್ಟಿಕೊಂಡು ಮಾಡಿದ್ದೂ ಇದನ್ನೇ. 2018ರಲ್ಲಿ ಅಲ್ಲಿನ ಸರ್ಕಾರ ಇದೇ ಬಗೆಯ ‘ಸೂರ್ಯಶಕ್ತಿ ಕಿಸಾನ್’ ಯೋಜನೆ ತಂದಿತು.

ಹಾರೋಬೆಲೆ ಮಾದರಿ ಮಾತ್ರ ರಾಜ್ಯದ ಉದ್ದಗಲಕ್ಕೆ ಹಬ್ಬಲಿಲ್ಲ. ಕಾರಣ ದೂರ ಹುಡುಕಬೇಕಿಲ್ಲ: 2017ರಲ್ಲಿ ರಾಜಸ್ಥಾನದ ಭಾದ್ಲಾ ಹರಾಜಿನಲ್ಲಿ ಸೋಲಾರ್ ವಿದ್ಯುತ್ 2.44 ರೂಪಾಯಿಗೆ ಇಳಿದಿತ್ತು. ದೊಡ್ಡ ಕಂಪನಿ ಎರಡೂವರೆಗೆ ಕೊಡುವಾಗ ರೈತನಿಗೆ ಒಂಬತ್ತೂವರೆ ಕೊಡಲು ಯಾವ ಎಸ್ಕಾಂ ತಾನೆ ಮುಂದೆ ಬಂದೀತು? ಆದರೆ ದರ ಇಳಿಸಿ ಯೋಜನೆ ಉಳಿಸಬಹುದಿತ್ತು. ಯೋಜನೆಯನ್ನೇ ಮರೆತದ್ದು ನಷ್ಟ. ಅದೇ 2014ರಲ್ಲಿ ಬಂದ ರಾಜ್ಯದ ಸೋಲಾರ್ ನೀತಿಯಡಿ ಭೂಮಾಲೀಕ ರೈತರಿಗೆಂದೇ ಮೀಸಲಿಟ್ಟ 1ರಿಂದ 3 ಮೆಗಾವಾಟ್ ಸ್ಥಾವರಗಳ ಪಾಡಂತೂ ಕೇಳುವುದೇ ಬೇಡ. ಕೋಟಿಗಟ್ಟಲೆ ಬಂಡವಾಳ ರೈತನಲ್ಲಿ ಎಲ್ಲಿಂದ ಬರಬೇಕು? ಹೂಡಿಕೆದಾರರು ಜೊತೆಗೂಡಿದರು. ಕೆಲಸ ತಡವಾಯಿತೆಂದು 8.40 ರೂಪಾಯಿಯ ದರ ಕಡಿತವಾಗಿ, ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಈಗ ಸರ್ಕಾರದ ಒಲವು ಬೇರೆ ಕಡೆ. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ಪಂಪ್‌ಸೆಟ್‌ಗಳಿವೆ. 10 ಎಚ್‌ಪಿವರೆಗೆ ಕರೆಂಟು ಉಚಿತ. ಇದಕ್ಕೆ ಖಜಾನೆಯಿಂದ ವರ್ಷಕ್ಕೆ ಹತ್ತು ಸಾವಿರ ಕೋಟಿ ರೂಪಾಯಿಗೂ ಮಿಕ್ಕಿ ಹೋಗುತ್ತಿದೆ. ಕೇಂದ್ರದ ಪಿಎಂ ಕುಸುಮ್ ಯೋಜನೆಯ ‘ಸಿ’ ಭಾಗದಲ್ಲಿ ಸಬ್‌ಸ್ಟೇಷನ್ ಪಕ್ಕದಲ್ಲೇ ಸಣ್ಣ ಸೋಲಾರ್ ಸ್ಥಾವರ ಕಟ್ಟಿ, ಕೃಷಿ ಫೀಡರ್‌ಗೆ ನೇರವಾಗಿ ಹಗಲು ಹೊತ್ತಿನಲ್ಲಿ ಕರೆಂಟು ಹರಿಸಲಾಗುತ್ತದೆ. ಗೌರಿಬಿದನೂರು ತಾಲ್ಲೂಕಿನಲ್ಲಿ 2025ರ ಜೂನ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಇದಕ್ಕೆ ಚಾಲನೆ ಕೊಟ್ಟರು. ‘ಬಿ’ ಭಾಗದಲ್ಲಿ ಲೈನು ದೂರವಿರುವ ಹೊಲಗಳಿಗೆ ಸೋಲಾರ್ ಪಂಪು: ಕೇಂದ್ರದ ಪಾಲು ಶೇ 30, ರಾಜ್ಯದ್ದು ಶೇ 50, ಉಳಿದ 20 ರೈತನದು.

‘ಸಿ’ ಭಾಗದಲ್ಲಿ ರೈತನ ಕೈಗೆ ರೊಕ್ಕ ಬರುವುದಿಲ್ಲ, ಸ್ಥಾವರ ಅವನದಲ್ಲ. ಆದರೂ ಇದನ್ನು ನಾನು ತಳ್ಳಿಹಾಕಲಾರೆ. ರಾತ್ರಿ ಹನ್ನೆರಡಕ್ಕೆ ತ್ರೀಫೇಸ್ ಬಂದರೆ ಏನಾಗುತ್ತದೆಂದು ಹಳ್ಳಿಯಲ್ಲಿದ್ದವರಿಗೆ ಗೊತ್ತು. ಟಾರ್ಚು ಹಿಡಿದು, ಹಾವು ಹುಪ್ಪಟೆ ನೋಡಿಕೊಂಡು ಹೊಲಕ್ಕೆ ಹೋಗಬೇಕು, ಒದ್ದೆ ಕೈಯಲ್ಲಿ ಸ್ಟಾರ್ಟರ್ ಪೆಟ್ಟಿಗೆ ಮುಟ್ಟಬೇಕು, ಕಾಡಂಚಿನಲ್ಲಾದರೆ ಆನೆ, ಕರಡಿಯ ಭಯ. ಇದನ್ನು ತಪ್ಪಿಸಿಕೊಳ್ಳಲು ಆಟೋ ಸ್ಟಾರ್ಟರ್ ಹಾಕಿ ಮಲಗಿದರೆ ನೀರು ಬೇಕಿರಲಿ ಬೇಡದಿರಲಿ ಬೆಳಗಿನವರೆಗೂ ಹರಿಯುತ್ತದೆ, ಮೋಟಾರು ಸುಟ್ಟರೂ ಗೊತ್ತಾಗುವುದಿಲ್ಲ. ಹಗಲು ಏಳು ತಾಸು ಕರೆಂಟು ನಿಜವಾಗಿ ಕೊಟ್ಟರೆ ಅದು ಯಾವ ಸಬ್ಸಿಡಿಗೂ ಕಡಿಮೆಯಲ್ಲ.

ಆದರೆ ಹೊಲ ಕೊಡುವವರ ಮತ್ತು ಊರಿನ ಪಾಲಿನ ಪ್ರಶ್ನೆ ಹಾಗೆಯೇ ಉಳಿದಿದೆ. ಪಕ್ಕದ ಮಹಾರಾಷ್ಟ್ರ ಇದೇ ಬಗೆಯ ಫೀಡರ್ ಸೋಲಾರ್ ಯೋಜನೆಗೆ 2023ರಲ್ಲಿ ಹೆಕ್ಟೇರ್‌ಗೆ ವರ್ಷಕ್ಕೆ ಕನಿಷ್ಠ 1.25 ಲಕ್ಷ ರೂಪಾಯಿ ಬಾಡಿಗೆ, ಅದರ ಮೇಲೆ ಪ್ರತಿ ವರ್ಷ ಶೇ 3ರ ಏರಿಕೆ ಎಂದು ನಿಗದಿ ಮಾಡಿತು. ಎಕರೆ ಲೆಕ್ಕದಲ್ಲಿ ಅದು 50,000. ಸ್ಥಾವರ ಬಂದ ಊರಿನ ಗ್ರಾಮ ಪಂಚಾಯಿತಿಗೆ ಮೂರು ವರ್ಷ ತಲಾ 5 ಲಕ್ಷ ರೂಪಾಯಿ ಅನುದಾನವೂ ಇದೆ. ಪಾವಗಡದ ದರ ಹಳೆಯದು, ನೆಲವೂ ಬೇರೆ, ನಿಜ. ಆದರೂ ಇಷ್ಟು ಅಂತರಕ್ಕೆ ಸಮಜಾಯಿಷಿ ಸಿಗುವುದಿಲ್ಲ.

ಕರ್ನಾಟಕ ಮುಂದೆ ಸೋಲಾರ್‌ಗೆಂದು ಒಂದು ಎಕರೆ ಗುತ್ತಿಗೆ ಪಡೆಯುವ ಮುನ್ನವೂ ಬಾಡಿಗೆಯನ್ನು ವರ್ಷವರ್ಷದ ಬೆಲೆಯೇರಿಕೆಗೆ ಕಟ್ಟಬೇಕು, ಯೂನಿಟ್ ಲೆಕ್ಕದಲ್ಲಿ ಪಂಚಾಯಿತಿಗೂ ಒಂದು ಪಾಲು ಬರೆದು, ಆ ಹಣದ ಮೇಲೆ ಭೂಮಿ ಇಲ್ಲದ ಮನೆಗಳಿಗೆ ಮೊದಲ ಹಕ್ಕು ಕೊಡಬೇಕು. ಜಮೀನು ಕೊಡಲು ಹೊರಟವರಿಗೂ ಒಂದು ಮಾತು: ಗುತ್ತಿಗೆ ಮುಗಿದ ದಿನ ಫಲಕ, ಕಂಬ, ಕಾಂಕ್ರೀಟು ಕಿತ್ತು ಹೊಲವನ್ನು ಮೊದಲಿನಂತೆ ಮಾಡಿಕೊಡುವವರು ಯಾರು ಎಂಬ ಸಾಲು ಕರಾರಿನಲ್ಲಿ ಇದೆಯೇ ಎಂದು ಓದಿಸಿ ನೋಡದೆ ಸಹಿ ಹಾಕಬೇಡಿ.