ವೈದ್ಯನ ಒಡನಾಡಿ

ರೋಗವೆಂಬುದು ಮಾನವನಷ್ಟೇ ಪ್ರಾಚೀನವಾದುದು. ಅದರೊಡನೆ ಹೋರಾಡುವ ವೈದ್ಯನೂ ಅಷ್ಟೇ ಪ್ರಾಚೀನನು. ಬಹುಕಾಲದವರೆಗೆ ವೈದ್ಯನಿಗೆ ಕಣ್ಣು, ಕಿವಿ, ಬೆರಳುಗಳೇ ಉಪಕರಣಗಳಾಗಿದ್ದವು. ನಾಡಿ ಹಿಡಿದು, ನಾಲಗೆ ನೋಡಿ, ಎದೆಗೆ ಕಿವಿಗೊಟ್ಟು ಅವನು ರೋಗವನ್ನು ಊಹಿಸುತ್ತಿದ್ದನು. 1816ರಲ್ಲಿ ಫ್ರಾನ್ಸಿನ ವೈದ್ಯ ಲೆನೆಕ್ ಕಾಗದವನ್ನು ಕೊಳವೆಯಂತೆ ಸುತ್ತಿ ರೋಗಿಯ ಎದೆಗೆ ಇಟ್ಟು ಆಲಿಸಿದನು. ಇಂದು ಪ್ರತಿಯೊಬ್ಬ ವೈದ್ಯನ ಕೊರಳಲ್ಲಿ ತೂಗುವ ಸ್ಟೆತಸ್ಕೋಪು ಹುಟ್ಟಿದುದು ಹೀಗೆ. 1895ರಲ್ಲಿ ಜರ್ಮನಿಯ ರಾಂಟ್ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದನು. ಚರ್ಮವನ್ನು ಕೊಯ್ಯದೆಯೇ ಒಳಗಿನ ಮೂಳೆಯನ್ನು ಕಾಣುವುದು ಅಂದಿನಿಂದ ಸಾಧ್ಯವಾಯಿತು. ಹೃದಯದ ಪ್ರತಿ ಬಡಿತದೊಡನೆ ಏಳುವ ಅತಿ ಸೂಕ್ಷ್ಮ ವಿದ್ಯುತ್ತನ್ನು ಅಳೆದು ಬರೆಯುವ ಯಂತ್ರವನ್ನು ರಚಿಸಿದ ಹಾಲೆಂಡಿನ ಐಂತೋವನ್ 1924ರಲ್ಲಿ ನೊಬೆಲ್ ಪಾರಿತೋಷಿಕವನ್ನು ಪಡೆದನು.

ಇವರಲ್ಲಿ ಕೆಲವರು ವೈದ್ಯರು, ಕೆಲವರು ಭೌತವಿಜ್ಞಾನಿಗಳು. ಕಾಲ ಕಳೆದಂತೆ ಇವರ ಸಾಲಿಗೆ ಇಂಜಿನಿಯರರೂ ಬಂದು ಸೇರಿದರು. ದೇಹದ ಒಳಭಾಗವನ್ನು ಪದರ ಪದರವಾಗಿ ತೋರಿಸುವ ಸಿ.ಟಿ. ಯಂತ್ರವನ್ನು ನಿರ್ಮಿಸಿದ ಇಂಗ್ಲೆಂಡಿನ ಹೌನ್ಸ್‌ಫೀಲ್ಡ್ ವೈದ್ಯನಲ್ಲ. ಆತನು ವಿದ್ಯುತ್ ಇಂಜಿನಿಯರ್. 1971ರಲ್ಲಿ ಆ ಯಂತ್ರವು ಮೊದಲ ಬಾರಿಗೆ ಒಬ್ಬ ರೋಗಿಯ ಮೆದುಳಿನ ಚಿತ್ರವನ್ನು ತೆಗೆಯಿತು. 1979ರಲ್ಲಿ ವೈದ್ಯವಿಜ್ಞಾನದ ನೊಬೆಲ್ ಪಾರಿತೋಷಿಕದಲ್ಲಿ ಆತನಿಗೂ ಪಾಲು ದೊರೆಯಿತು. ಹೀಗೆ ಯಂತ್ರಶಾಸ್ತ್ರದ ಜ್ಞಾನವನ್ನು ದೇಹದ ಆರೋಗ್ಯಕ್ಕಾಗಿ ಬಳಸುವ ವಿದ್ಯೆಗೆ ಬಯೋಮೆಡಿಕಲ್ ಇಂಜಿನಿಯರಿಂಗ್, ಅಂದರೆ ಜೀವವೈದ್ಯಕೀಯ ತಂತ್ರವಿದ್ಯೆ ಎಂದು ಹೆಸರು. ಈ ವಿದ್ಯೆಯನ್ನು ಕಲಿತವನು ವೈದ್ಯನ ಒಡನಾಡಿ. ವೈದ್ಯನು ರೋಗಿಯನ್ನು ನೋಡಿಕೊಂಡರೆ, ಇವನು ವೈದ್ಯನು ನಂಬಿರುವ ಯಂತ್ರವನ್ನು ನೋಡಿಕೊಳ್ಳುತ್ತಾನೆ.

ಈ ವಿದ್ಯೆಯ ಸ್ವರೂಪವನ್ನು ತಿಳಿಯಲು ಒಂದು ಸಣ್ಣ ಉಪಕರಣವನ್ನು ಪರಿಶೀಲಿಸಬಹುದು. 2020ರಲ್ಲಿ ಕೋವಿಡ್ ಪಿಡುಗು ಹರಡಿದಾಗ ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಆಶಾ ಕಾರ್ಯಕರ್ತೆಯರ ಚೀಲದಲ್ಲಿ ಹಳ್ಳಿಹಳ್ಳಿಗಳನ್ನು ಸುತ್ತಿತು. ರಕ್ತದಲ್ಲಿ ಆಮ್ಲಜನಕವು ಎಷ್ಟಿದೆಯೆಂಬುದನ್ನು ಸೂಜಿ ಚುಚ್ಚದೆ, ಒಂದು ಹನಿ ರಕ್ತವನ್ನೂ ತೆಗೆಯದೆ ಅದು ಹೇಳುತ್ತದೆ. ಇದು ಹೇಗೆ ಸಾಧ್ಯ? ಅದರ ಒಂದು ಬದಿಯಲ್ಲಿ ಎರಡು ಪುಟ್ಟ ದೀಪಗಳಿವೆ. ಒಂದು ಕೆಂಪು ಬೆಳಕನ್ನು ಚೆಲ್ಲುತ್ತದೆ, ಇನ್ನೊಂದು ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಬೀರುತ್ತದೆ. ಬೆರಳನ್ನು ದಾಟಿ ಬಂದ ಬೆಳಕನ್ನು ಇನ್ನೊಂದು ಬದಿಯಲ್ಲಿರುವ ಗ್ರಾಹಕವು ಅಳೆಯುತ್ತದೆ. ಆಮ್ಲಜನಕವನ್ನು ಹೊತ್ತ ರಕ್ತವು ಅವಕೆಂಪು ಕಿರಣವನ್ನು ಹೆಚ್ಚಾಗಿ ಹೀರುತ್ತದೆ. ಆಮ್ಲಜನಕವನ್ನು ಕಳೆದುಕೊಂಡ ರಕ್ತವು ಕೆಂಪು ಬೆಳಕನ್ನು ಹೆಚ್ಚಾಗಿ ಹೀರುತ್ತದೆ. ಆದರೆ ಬೆರಳಿನ ಚರ್ಮ, ಮಾಂಸ, ಮೂಳೆಗಳೂ ಬೆಳಕನ್ನು ಹೀರುತ್ತವೆಯಲ್ಲವೆ? ಅವುಗಳ ಪಾಲನ್ನು ಬೇರ್ಪಡಿಸುವುದು ಹೇಗೆಂಬುದೇ ಕಠಿಣವಾದ ಪ್ರಶ್ನೆಯಾಗಿತ್ತು. ನಾಡಿಯ ಪ್ರತಿ ಮಿಡಿತದೊಡನೆ ಏರಿಳಿಯುವುದು ಅಪಧಮನಿಯ ರಕ್ತವೊಂದೇ. ಉಳಿದುದೆಲ್ಲ ಬದಲಾಗದೆ ಇರುತ್ತದೆ. ಆದುದರಿಂದ ಏರಿಳಿಯುವ ಭಾಗವನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಸಾಕು. 1974ರಲ್ಲಿ ಈ ಉಪಾಯವನ್ನು ಜಗತ್ತಿನ ಮುಂದಿಟ್ಟವನು ಟಕುವೊ ಅಯೊಯಾಗಿ ಎಂಬ ಜಪಾನಿ ಇಂಜಿನಿಯರ್. ಬೆಳಕು, ವಿದ್ಯುತ್ತು, ರಕ್ತ, ಗಣಿತ ಈ ನಾಲ್ಕೂ ಒಂದು ಬೆರಳಿನ ಅಗಲದಲ್ಲಿ ಕೂಡಿರುವುದು ಇಲ್ಲಿನ ವಿಶೇಷ.

ನಮ್ಮ ದೇಶದಲ್ಲಿಯೂ ಈ ವಿದ್ಯೆ ದೊಡ್ಡ ಫಲವನ್ನು ಕೊಟ್ಟಿದೆ. ಹೃದಯದ ಕವಾಟವು ಕೆಟ್ಟವರಿಗೆ ಕೃತಕ ಕವಾಟವನ್ನು ಜೋಡಿಸಬೇಕಾಗುತ್ತದೆ. ಹಿಂದೆ ಅದನ್ನು ಹೊರದೇಶಗಳಿಂದ ತರಿಸಬೇಕಾಗಿತ್ತು. ಬಡವರಿಗೆ ಅದರ ಬೆಲೆ ನಿಲುಕುತ್ತಿರಲಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಶಸ್ತ್ರವೈದ್ಯರಾದ ಡಾ. ಎಂ. ಎಸ್. ವಲಿಯತ್ತಾನ್ ಅವರು ಇಂಜಿನಿಯರರನ್ನು ಜೊತೆಗೂಡಿಸಿಕೊಂಡು ಸ್ವದೇಶಿ ಕವಾಟದ ನಿರ್ಮಾಣಕ್ಕೆ ತೊಡಗಿದರು. ನಿಮಿಷಕ್ಕೆ 72 ಬಾರಿ ಬಡಿಯುವ ಹೃದಯವು ಒಂದು ವರ್ಷದಲ್ಲಿ ಸುಮಾರು 3 ಕೋಟಿ 78 ಲಕ್ಷ ಬಾರಿ ಬಡಿಯುತ್ತದೆ. ಕವಾಟವೂ ಅಷ್ಟೇ ಬಾರಿ ತೆರೆದು ಮುಚ್ಚಬೇಕು. ಸವೆಯಬಾರದು, ಬಿರಿಯಬಾರದು, ರಕ್ತವು ಅದರ ಮೇಲೆ ಹೆಪ್ಪುಗಟ್ಟಬಾರದು. ಮೊದಲು ರಚಿಸಿದ ಮಾದರಿಗಳು ಪರೀಕ್ಷೆಯಲ್ಲಿ ವಿಫಲವಾದವು. ಅವರು ಎದೆಗುಂದದೆ ವಸ್ತುವನ್ನು ಬದಲಿಸಿ, ಆಕಾರವನ್ನು ತಿದ್ದಿ, ಮತ್ತೆ ಮತ್ತೆ ಪ್ರಯೋಗಿಸಿದರು. ಕೊನೆಗೆ 1990ರ ಡಿಸೆಂಬರಿನಲ್ಲಿ ‘ಚಿತ್ರಾ’ ಕವಾಟವನ್ನು ಮೊದಲ ರೋಗಿಗೆ ಜೋಡಿಸಲಾಯಿತು. ಅಂದಿನಿಂದ ಸಹಸ್ರಾರು ಹೃದಯಗಳು ಅದರ ನೆರವಿನಿಂದ ಮಿಡಿದಿವೆ.

ಇಂತಹ ವಿದ್ಯೆಗೂ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಿಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವು ಬಹಳ ನಿಕಟವಾದುದು. ಕೃಷ್ಣೆಯ ನೀರಿನಿಂದ ಕಬ್ಬು ತಲೆಯೆತ್ತಿ ನಿಲ್ಲುವ ಸಮೃದ್ಧ ಸೀಮೆಯಿದು. ಆದರೆ ಅಥಣಿಯಿಂದ ಜಿಲ್ಲಾ ಕೇಂದ್ರವಾದ ಬೆಳಗಾವಿಯು ನೂರು ಕಿಲೋಮೀಟರುಗಳಿಗೂ ಮಿಗಿಲಾದ ದೂರದಲ್ಲಿದೆ. ಗಡಿಯ ಆಚೆಗಿರುವ ಮಿರಜಿನಲ್ಲಿ ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಆಸ್ಪತ್ರೆಯನ್ನು ಸ್ಥಾಪಿಸಿದ ಮೇಲೆ ಆ ಊರು ವೈದ್ಯಕೀಯಕ್ಕೆ ಹೆಸರಾಯಿತು. ಕಾಗವಾಡ, ಅಥಣಿ ಕಡೆಯ ಜನರು ದೊಡ್ಡ ಬೇನೆ ಬಂದಾಗ ಅತ್ತ ಮುಖಮಾಡುವುದು ರೂಢಿಯಾಯಿತು. ಮಳೆಗಾಲದಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ತುಂಬಿ ಹರಿದಾಗ ಕೆಳಮಟ್ಟದ ಸೇತುವೆಗಳು ನೀರಿನಲ್ಲಿ ಮುಳುಗುತ್ತವೆ. 2019ರ ಆಗಸ್ಟಿನ ಮಹಾಪೂರದಲ್ಲಿ ಈ ಸೀಮೆಯ ಅನೇಕ ಊರುಗಳು ಹೊರಲೋಕದಿಂದ ಬೇರ್ಪಟ್ಟವು. ಅಂತಹ ದಿನಗಳಲ್ಲಿ ದೂರದ ಮಹಾನಗರದ ಆಸ್ಪತ್ರೆಯಲ್ಲಿ ಎಂತಹ ಯಂತ್ರವಿದ್ದರೇನು? ಹತ್ತಿರದ ಆಸ್ಪತ್ರೆಯಲ್ಲಿರುವ ಯಂತ್ರವು ಆ ಗಳಿಗೆಯಲ್ಲಿ ನಡೆಯುವುದೋ ಇಲ್ಲವೋ ಎಂಬುದೇ ಜೀವನ್ಮರಣದ ಪ್ರಶ್ನೆಯಾಗುತ್ತದೆ.

ಯಂತ್ರವನ್ನು ಕೊಳ್ಳುವುದು ಸುಲಭ. ಅದನ್ನು ಸುಸ್ಥಿತಿಯಲ್ಲಿ ಇಡುವುದು ಕಷ್ಟ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಂಗವಾಗಿ 29 ರಾಜ್ಯಗಳ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿದ್ದ ಉಪಕರಣಗಳನ್ನು ಎಣಿಸಲಾಯಿತು. ಒಟ್ಟು 7,56,750 ಉಪಕರಣಗಳು ಲೆಕ್ಕಕ್ಕೆ ಬಂದವು. ಅವುಗಳಲ್ಲಿ, ರಾಜ್ಯದಿಂದ ರಾಜ್ಯಕ್ಕೆ ವ್ಯತ್ಯಾಸವಿದ್ದರೂ, ನೂರಕ್ಕೆ 13ರಿಂದ 34ರಷ್ಟು ಕೆಲಸ ಮಾಡುತ್ತಿರಲಿಲ್ಲ. ಒಂದರಲ್ಲಿ ಚಿಕ್ಕ ತಂತಿ ಹರಿದಿರಬಹುದು, ಇನ್ನೊಂದರಲ್ಲಿ ವಿದ್ಯುತ್ತಿನ ಏರಿಳಿತದಿಂದ ಮಂಡಲವು ಸುಟ್ಟಿರಬಹುದು, ಮತ್ತೊಂದಕ್ಕೆ ಬಿಡಿಭಾಗ ಬಾರದೆ ಇರಬಹುದು. ಕಾರಣವು ಯಾವುದಾದರೂ ರೋಗಿಗೆ ಆಗುವ ನಷ್ಟವೊಂದೇ. ಈ ಕೊರತೆಯನ್ನು ನೀಗಲು 2015ರಲ್ಲಿ ಉಪಕರಣಗಳ ನಿರ್ವಹಣೆಗಾಗಿಯೇ ಒಂದು ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಲಾಯಿತು. ಜಿಲ್ಲಾ ಆಸ್ಪತ್ರೆಯ ಉಪಕರಣಗಳು ಶೇಕಡಾ 95ರಷ್ಟು ಕಾಲವೂ, ಪ್ರಾಥಮಿಕ ಆರೋಗ್ಯ ಕೇಂದ್ರದವು ಶೇಕಡಾ 80ರಷ್ಟು ಕಾಲವೂ ನಡೆಯುತ್ತಿರಬೇಕೆಂಬುದು ಅದರ ಗುರಿ. ಗುರಿಯನ್ನು ಕಾಗದದ ಮೇಲೆ ಬರೆದರೆ ಸಾಲದು. ಉಪಕರಣವನ್ನು ಬಿಚ್ಚಿ, ದೋಷವನ್ನು ಹುಡುಕಿ, ಸರಿಪಡಿಸಿ, ಅಳತೆಯು ನಿಜವೇ ಎಂದು ಪರೀಕ್ಷಿಸಿ ಮರಳಿ ಕೊಡುವ ಕೈಗಳು ಬೇಕು. ಕೆಟ್ಟು ನಿಂತ ಯಂತ್ರಕ್ಕಿಂತ ತಪ್ಪು ಹೇಳುವ ಯಂತ್ರವು ಹೆಚ್ಚು ಅಪಾಯಕರ ಎಂಬುದನ್ನು ಈ ವೃತ್ತಿಯವರು ಎಂದಿಗೂ ಮರೆಯರು.

ಇಂತಹ ಕೈಗಳು ಈ ಸೀಮೆಗೆ ಹೊಸವೇನೂ ಅಲ್ಲ. ಅಥಣಿ ಮತ್ತು ಅದರ ಸುತ್ತಲಿನ ಊರುಗಳ ಚರ್ಮಕುಶಲಿಗಳು ತಲೆತಲಾಂತರದಿಂದ ಪಾದದ ಅಳತೆಯನ್ನು ಬಲ್ಲವರು. ಅವರ ಕೈಯಲ್ಲಿ ಸಿದ್ಧವಾಗುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ ಅದರಲ್ಲಿ ಬೆಳಗಾವಿ ಜಿಲ್ಲೆಗೂ ಪಾಲು ಸಂದಿತು. ಕುಶಲಿಯ ಕೈಗೂ ವೈದ್ಯಶಾಸ್ತ್ರಕ್ಕೂ ಇರುವ ನಂಟನ್ನು ಜಯಪುರದ ಕೃತಕ ಪಾದವು ತೋರಿಸಿಕೊಟ್ಟಿದೆ. ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿಯು ಡಾ. ಪಿ. ಕೆ. ಸೇಥಿಯವರೊಡನೆ ಸೇರಿ 1960ರ ದಶಕದ ಕೊನೆಯಲ್ಲಿ ರಬ್ಬರಿನ ಆ ಪಾದವನ್ನು ರೂಪಿಸಿದನು. ಅದನ್ನು ತೊಟ್ಟವನು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂರಬಲ್ಲನು, ಬರಿಗಾಲಿನವನಂತೆ ಕೆಸರುಗದ್ದೆಯಲ್ಲಿ ನಡೆಯಬಲ್ಲನು. ಹೊರದೇಶದ ಪಾದಗಳು ಕುರ್ಚಿಯ ಮೇಲೆ ಕೂರುವವರಿಗೆ ಒಪ್ಪುತ್ತಿದ್ದವೇ ಹೊರತು ಹೊಲದಲ್ಲಿ ದುಡಿಯುವವರಿಗೆ ಒಪ್ಪುತ್ತಿರಲಿಲ್ಲ. ತನ್ನ ಜನರ ಬದುಕನ್ನು ಬಲ್ಲವನೇ ಅವರಿಗೆ ಹೊಂದುವ ಉಪಕರಣವನ್ನು ರಚಿಸಬಲ್ಲನು. ಕಬ್ಬಿನ ಗದ್ದೆಯ ದುಡಿಮೆಯನ್ನೂ, ನಿಪ್ಪಾಣಿಯ ತಂಬಾಕಿನ ದೂಳನ್ನೂ ಕಂಡು ಬೆಳೆದ ವಿದ್ಯಾರ್ಥಿಗೆ ಸಕ್ಕರೆ ಕಾಯಿಲೆಯವರ ಪಾದಕ್ಕೆ ಒಪ್ಪುವ ಪಾದರಕ್ಷೆಯೋ, ಉಸಿರಿನ ಬಲವನ್ನು ಅಳೆಯುವ ಅಗ್ಗದ ಮಾಪಕವೋ ಏಕೆ ಬೇಕೆಂಬುದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಈ ವೃತ್ತಿಯನ್ನು ಬಯಸುವವರಿಗೆ ಹತ್ತನೆಯ ತರಗತಿಯ ನಂತರ ಎರಡು ದಾರಿಗಳುಂಟು. ಪದವಿಪೂರ್ವ ಶಿಕ್ಷಣದಲ್ಲಿ ಭೌತಶಾಸ್ತ್ರ, ಗಣಿತಗಳನ್ನು ಕಲಿತು, ಪ್ರವೇಶ ಪರೀಕ್ಷೆಯನ್ನು ಬರೆದು, ನಾಲ್ಕು ವರ್ಷಗಳ ಇಂಜಿನಿಯರಿಂಗ್ ಪದವಿಗೆ ಸೇರುವುದು ಒಂದು. ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷಗಳ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಪಡೆದು ಕೆಲಸಕ್ಕೆ ಸೇರುವುದು, ಅಥವಾ ನೇರವಾಗಿ ಪದವಿಯ ಎರಡನೆಯ ವರ್ಷಕ್ಕೆ ಹೋಗುವುದು ಇನ್ನೊಂದು. ತಾಂತ್ರಿಕ ಶಿಕ್ಷಣಕ್ಕಾಗಿ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರಸ್ಥಾನವು ಬೆಳಗಾವಿಯೇ ಆಗಿದೆ. ಉನ್ನತ ವ್ಯಾಸಂಗಕ್ಕೆ ಬಾಗಿಲಾದ ಗೇಟ್ ಪರೀಕ್ಷೆಯಲ್ಲಿ 2020ರಿಂದ ಬಯೋಮೆಡಿಕಲ್ ಇಂಜಿನಿಯರಿಂಗಿಗೆ ಪ್ರತ್ಯೇಕ ಪತ್ರಿಕೆಯಿದೆ.

ಪದವಿಯನ್ನು ಪಡೆದವರು ಆಸ್ಪತ್ರೆಗಳ ಉಪಕರಣ ವಿಭಾಗಗಳಲ್ಲಿ, ಉಪಕರಣಗಳನ್ನು ತಯಾರಿಸುವ ಕಾರ್ಖಾನೆಗಳಲ್ಲಿ, ದುರಸ್ತಿ ಸೇವೆಯಲ್ಲಿ, ಸುರಕ್ಷತೆಯ ಪರೀಕ್ಷಾಲಯಗಳಲ್ಲಿ, ಸಂಶೋಧನಾಲಯಗಳಲ್ಲಿ ದುಡಿಯಬಹುದು. ವೈದ್ಯಕೀಯ ಉಪಕರಣಗಳಿಗಾಗಿ ರಚಿಸಿದ ನಿಯಮಗಳು 2018ರ ಜನವರಿಯಿಂದ ಜಾರಿಗೆ ಬಂದ ಮೇಲೆ ಗುಣಮಟ್ಟವನ್ನು ಪರೀಕ್ಷಿಸಬಲ್ಲವರ ಅಗತ್ಯವೂ ಹೆಚ್ಚಿದೆ. ಹಾಗೆಂದು ಪದವಿಯೊಂದೇ ಉದ್ಯೋಗವನ್ನು ತಂದು ಕೈಗಿಡುವುದಿಲ್ಲ. ಇಲೆಕ್ಟ್ರಾನಿಕ್ಸ್‌ನಂತಹ ವಿಸ್ತಾರವಾದ ಶಾಖೆಗಳಿಗೆ ಹೋಲಿಸಿದರೆ ಇದು ಕಿರಿದಾದ ಕ್ಷೇತ್ರ. ಇಲ್ಲಿ ಕೌಶಲವಿಲ್ಲದವನಿಗೆ ಎಡೆ ಕಡಮೆ.

ಆದುದರಿಂದ ಈ ವಿದ್ಯೆಯ ವಿದ್ಯಾರ್ಥಿಗಳು ಗ್ರಂಥಗಳಿಗೆ ಮಾತ್ರ ಅಂಟಿಕೊಳ್ಳದೆ ಅನೇಕ ಚಟುವಟಿಕೆಗಳಲ್ಲಿ ತೊಡಗಬೇಕಾಗುತ್ತದೆ. ರಜೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ತರಬೇತಿ ಪಡೆಯುವುದು, ಹಿರಿಯ ತಂತ್ರಜ್ಞರ ಕೈಕೆಳಗೆ ರಕ್ತದೊತ್ತಡದ ಮಾಪಕಗಳ ಅಳತೆಯನ್ನು ಸರಿಗೊಳಿಸುವುದು, ಗುಂಪಾಗಿ ಕೂಡಿ ಒಂದು ಉಪಕರಣವನ್ನು ರಚಿಸುವುದು, ಮಾಡಿದುದನ್ನೆಲ್ಲ ದಿನಚರಿಯಲ್ಲಿ ಬರೆದಿಡುವುದು ಇವು ಮುಖ್ಯವಾದವು. ದಾದಿಯರೊಡನೆ ಮಾತನಾಡಿ ಅವರ ತೊಂದರೆಗಳನ್ನು ಅರಿಯುವುದು ಅಷ್ಟೇ ಮುಖ್ಯ. ಹಗಲಿರುಳು ಯಂತ್ರದ ಪಕ್ಕದಲ್ಲಿ ನಿಲ್ಲುವವರು ಅವರೇ ಅಲ್ಲವೆ? ಗಡಿಸೀಮೆಯ ಮಕ್ಕಳಿಗೆ ಕನ್ನಡದೊಡನೆ ಮರಾಠಿಯೂ ತಿಳಿದಿರುವುದು ಇಲ್ಲಿ ಒಂದು ಸಂಪತ್ತಾಗುತ್ತದೆ. ಎಚ್ಚರಿಕೆಯೂ ಅಷ್ಟೇ ಅಗತ್ಯ. ಲಯ ತಪ್ಪಿ ಅದುರುವ ಹೃದಯಕ್ಕೆ ವಿದ್ಯುದಾಘಾತ ಕೊಡುವ ಯಂತ್ರವು ಸ್ವಿಚ್ಚನ್ನು ಆರಿಸಿದ ಮೇಲೂ ತನ್ನೊಡಲಲ್ಲಿ ಪ್ರಾಣಾಂತಿಕವಾದ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಗುರುಗಳ ಮಾರ್ಗದರ್ಶನವಿಲ್ಲದೆ ಅಂತಹುದನ್ನು ಮುಟ್ಟುವುದು ಸಲ್ಲದು.

ಪ್ರೌಢಶಾಲೆಯಲ್ಲಿರುವಾಗಲೇ ಈ ದಾರಿಗೆ ಅಡಿಗಲ್ಲನ್ನು ಇಡಬಹುದು. ಓಮನ ನಿಯಮ, ಬೆಳಕಿನ ವಕ್ರೀಭವನ, ರಕ್ತಪರಿಚಲನೆ ಇವು ಬೇರೆ ಬೇರೆ ಪಾಠಗಳಾಗಿ ಕಾಣುತ್ತವೆ. ಆಸ್ಪತ್ರೆಯ ಒಂದು ಹಾಸಿಗೆಯ ಬಳಿ ಅವೆಲ್ಲವೂ ಒಂದೇ ಪಾಠವಾಗುತ್ತವೆ. ತಾನು ಓದಿದ ಸೂತ್ರವೊಂದು ಯಾರೋ ಒಬ್ಬ ತಾಯಿಯ ಅಥವಾ ಹಸುಗೂಸಿನ ಉಸಿರನ್ನು ಕಾಯುತ್ತಿದೆ ಎಂಬ ಅರಿವು ಮೂಡಿದಾಗ ಓದಿಗೆ ಅರ್ಥ ಬರುತ್ತದೆ. ಹೆಸರು ಫಲಕದ ಮೇಲೆ ಬಾರದಿದ್ದರೂ, ಗುಣಮುಖನಾದ ರೋಗಿಯು ಮುಖವನ್ನೇ ಕಾಣದಿದ್ದರೂ, ತನ್ನೂರಿನ ಆಸ್ಪತ್ರೆಯ ಯಂತ್ರವು ಹೊಳೆ ತುಂಬಿದ ರಾತ್ರಿಯಲ್ಲಿಯೂ ತಪ್ಪದೆ ನಡೆಯಿತೆಂಬ ತೃಪ್ತಿ ಈ ವೃತ್ತಿಯವರ ಪಾಲಿಗೆ ದೊರೆಯುವ ದೊಡ್ಡ ಸಂಬಳವಾಗಿದೆ.