ನೀರಿಗೆ ಹೆದರಿದ ನಗರ

ಈಚೆಗೆ ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನು ಜಲಮಾಲಿನ್ಯವನ್ನು ಕುರಿತ ಪ್ರಬಂಧಕ್ಕಾಗಿ ಅಂತರಜಾಲದಲ್ಲಿ ವಿಷಯ ಸಂಗ್ರಹಿಸುತ್ತಿದ್ದಾಗ, ವಿಚಿತ್ರವಾದೊಂದು ಜಾಲತಾಣವನ್ನು ಕಂಡು ಗಾಬರಿಯಿಂದ ನಮ್ಮಲ್ಲಿಗೆ ಬಂದನು. 'ಡೈಹೈಡ್ರೊಜನ್ ಮೊನಾಕ್ಸೈಡ್' ಎಂಬ ರಾಸಾಯನಿಕದ ಅಪಾಯಗಳನ್ನು ಅಲ್ಲಿ ವರ್ಣಿಸಿದ್ದಿತು. ಅದು ಶ್ವಾಸಕೋಶವನ್ನು ಹೊಕ್ಕರೆ ಪ್ರಾಣಹಾನಿಯಾಗಬಹುದು. ಅನಿಲರೂಪದಲ್ಲಿ ಮೈಗೆ ತಗುಲಿದರೆ ಸುಟ್ಟ ಗಾಯಗಳಾಗುವುವು. ಆಮ್ಲಮಳೆಯ ಮುಖ್ಯಾಂಶ ಅದೇ. ಕಬ್ಬಿಣವು ತುಕ್ಕು ಹಿಡಿಯಲು ಅದು ನೆರವಾಗುವುದು. ಕ್ಯಾನ್ಸರಿನ ಗೆಡ್ಡೆಗಳಲ್ಲಿಯೂ ಅದು ಇರುವುದು!

ಈ ಭಯಂಕರ ವಸ್ತು ಯಾವುದು? 'ಡೈ' ಎಂದರೆ ಎರಡು, 'ಮೊನೊ' ಎಂದರೆ ಒಂದು. ಜಲಜನಕದ ಎರಡು ಪರಮಾಣುಗಳೂ ಆಮ್ಲಜನಕದ ಒಂದು ಪರಮಾಣುವೂ ಕೂಡಿದರೆ ಆಗುವ ಅಣು ನೀರಿನದು. ಹೆಸರನ್ನು ಬಿಡಿಸಿ ಹೇಳಿದೊಡನೆ ವಿದ್ಯಾರ್ಥಿಯು ನಾಚಿ ನಕ್ಕನು.

ಅವನು ನಾಚಬೇಕಾದುದಿಲ್ಲ. 1990ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ವಿದ್ಯಾರ್ಥಿಗಳು ಹಂಚಿದ ಕರಪತ್ರದಿಂದ ಈ ವಿನೋದವು ಪ್ರಚಾರಕ್ಕೆ ಬಂದಿತು. ಮುಂದೆ ಜಾಲತಾಣಗಳನ್ನೂ ಸೇರಿತು. 2004ರಲ್ಲಿ ಅದೇ ಪ್ರಾಂತದ ಅಲಿಸೊ ವಿಯೆಹೊ ನಗರದ ಅಧಿಕಾರಿಗಳು, ಫೋಮ್ ಲೋಟಗಳ ತಯಾರಿಕೆಯಲ್ಲಿ ಈ 'ಅಪಾಯಕಾರಿ' ವಸ್ತುವನ್ನು ಬಳಸುವರೆಂದು ನಂಬಿ, ನಗರದ ಸಮಾರಂಭಗಳಲ್ಲಿ ಅವುಗಳನ್ನು ನಿಷೇಧಿಸುವ ಸೂಚನೆಯನ್ನು ಸಿದ್ಧಪಡಿಸಿದ್ದರು. ಅಂತರಜಾಲದಲ್ಲಿ ಕಂಡುದನ್ನು ಸರಿಯಾಗಿ ಪರಿಶೀಲಿಸದಿದ್ದುದೇ ಇದಕ್ಕೆ ಕಾರಣ. ಮತಕ್ಕೆ ಹಾಕುವ ಮೊದಲೇ ನಿಜಸ್ಥಿತಿ ತಿಳಿದು ಸೂಚನೆಯನ್ನು ಹಿಂದೆಗೆದುಕೊಂಡರು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಆ ಪುಟದ ಯಾವ ವಾಕ್ಯವೂ ಸುಳ್ಳಲ್ಲ. ನೀರಿನಲ್ಲಿ ಮುಳುಗಿದವನು ಸಾಯುವನು, ಹಬೆಯು ಸುಡುವುದು. ಗೆಡ್ಡೆಯಲ್ಲಿ ನೀರಿರುವುದು ನಿಜ. ಆದರೆ ಆರೋಗ್ಯವಂತನ ಪ್ರತಿಯೊಂದು ಜೀವಕೋಶದಲ್ಲಿಯೂ ಅದಿದೆ. ಒಂದು ವಸ್ತು ಒಂದೆಡೆ ಇದ್ದ ಮಾತ್ರಕ್ಕೆ ಅದೇ ರೋಗಕಾರಣವೆಂದು ಹೇಳಲಾಗದು. ಸತ್ಯದ ತುಣುಕುಗಳನ್ನು ಆರಿಸಿ ಜೋಡಿಸಿ, ಉಳಿದುದನ್ನು ಮರೆಮಾಡಿದರೆ ಸುಳ್ಳಿನ ಫಲವೇ ದೊರೆಯುವುದು.

ಆದುದರಿಂದ ಇಂತಹ ಬರಹವನ್ನು ಕಂಡಾಗ ನಾವು ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಈ ವಸ್ತುವಿನ ರೂಢಿಯ ಹೆಸರೇನು? ಎಷ್ಟು ಪ್ರಮಾಣದಲ್ಲಿ ಅದು ಹಾನಿಕರ? ಹಾನಿಯಿಲ್ಲದ ಕಡೆಯಲ್ಲಿಯೂ ಅದು ಇದೆಯೇ? ಬರೆದವರು ಯಾರು, ಅವರನ್ನು ಆಶ್ರಯಿಸದ ಬೇರೊಂದು ಗ್ರಂಥವು ಇದನ್ನೇ ಹೇಳುವುದೇ?

ನೀರಿನ ವಿಷಯದಲ್ಲಿ ಮೋಸಹೋದವರು ನಗೆಪಾಟಲಾದರು, ಅಷ್ಟೆ. ಇದೇ ಶೈಲಿಯ ಬರಹವನ್ನು ನಂಬಿ ವೈದ್ಯರು ಕೊಟ್ಟ ಔಷಧವನ್ನು ರೋಗಿಯೊಬ್ಬನು ಬಿಟ್ಟರೆ, ಅವನು ತೆರಬೇಕಾದ ಬೆಲೆ ನಗೆಯಲ್ಲಿ ಮುಗಿಯದು.