ನವೆಂಬರ್ 1: ನಮ್ಮ ಸೀಮೆಯ ಚರಿತ್ರೆಯಲ್ಲಿ ಒಂದು ದಿನ

ನವೆಂಬರ್ 1 ಎಂದೊಡನೆ ಶಾಲೆಯ ಅಂಗಳದ ಧ್ವಜ, ಮೆರವಣಿಗೆ, ಭುವನೇಶ್ವರಿಯ ಭಾವಚಿತ್ರ ಕಣ್ಮುಂದೆ ನಿಲ್ಲುತ್ತವೆ. ಅದು ರಾಜ್ಯೋದಯದ ದಿನವೆಂಬುದನ್ನು ಎಳೆಯ ಮಕ್ಕಳೂ ಬಲ್ಲರು. ಆದರೆ ತೋರಣಗಲ್ಲು, ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿಗಳನ್ನೊಳಗೊಂಡ ಈ ಸೀಮೆಗೆ ಆ ದಿನವು ತಂದ ಫಲವು ಬೆಂಗಳೂರಿಗೋ ಮೈಸೂರಿಗೋ ತಂದ ಫಲದಂಥದಲ್ಲ. ಇಲ್ಲಿ ಅಂದು ತುಂಗಭದ್ರೆಯು ಗಡಿ ಕಾಯುವ ಕೆಲಸದಿಂದ ಬಿಡುಗಡೆ ಹೊಂದಿತು.

ಟಿಪ್ಪೂ ಸುಲ್ತಾನನ ಪತನಾನಂತರ ಈ ಪ್ರದೇಶವು ಹೈದರಾಬಾದಿನ ನಿಜಾಮನ ಕೈಯಲ್ಲಿತ್ತು. 1800ರಲ್ಲಿ ಅವನು ತುಂಗಭದ್ರೆಯ ದಕ್ಷಿಣದ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಥಾಮಸ್ ಮನ್ರೋ ಈ ‘ದತ್ತ ಮಂಡಲ’ದ ಮೊದಲ ಮುಖ್ಯ ಕಲೆಕ್ಟರನಾಗಿ ಬಂದನು. ನದಿಯ ಈಚೆಯ ದಡ ಮದರಾಸಿನದು, ಆಚೆಯ ದಡ ನಿಜಾಮನದು ಎಂದಾಯಿತು. ವಿಜಯನಗರದ ಅರಸರಿಗೆ ಹಂಪೆ ಮತ್ತು ಆನೆಗೊಂದಿ ಒಂದೇ ರಾಜಧಾನಿಯ ಎರಡು ಮಗ್ಗುಲುಗಳಾಗಿದ್ದವು. ಈಗ ಹಂಪೆಯಲ್ಲಿ ಹರಿಗೋಲು ಹತ್ತಿ ಆನೆಗೊಂದಿಯಲ್ಲಿ ಇಳಿದವನು ಬೇರೊಂದು ಸರಕಾರದ ನೆಲದಲ್ಲಿ ಇಳಿಯುತ್ತಿದ್ದನು. ಅಲ್ಲಿಯ ನಾಣ್ಯ ಬೇರೆ, ಸುಂಕ ಬೇರೆ, ಕಚೇರಿಯ ಭಾಷೆಯೂ ಬೇರೆ. ಕನ್ನಡ ಮಾತ್ರ ಎರಡೂ ದಡಗಳ ಮನೆಮಾತಾಗಿ ಉಳಿಯಿತು.

1858ರ ನವೆಂಬರ್ 1ರಂದು ಅಲಹಾಬಾದಿನಲ್ಲಿ ಲಾರ್ಡ್ ಕ್ಯಾನಿಂಗನು ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಓದಿದನು. ಕಂಪನಿಯ ಆಡಳಿತ ಮುಗಿಯಿತು. ಬ್ರಿಟಿಷ್ ಪ್ರಜೆಗಳ ಕೊಲೆಯಲ್ಲಿ ಭಾಗಿಗಳಾಗದ ಬಂಡಾಯಗಾರರಿಗೆ ಕ್ಷಮೆಯ ಭರವಸೆ ದೊರೆಯಿತು. ನಮ್ಮ ಕಡೆಯವರಿಗೆ ಈ ಕ್ಷಮೆ ತಡವಾಗಿ ಬಂದಿತೆನ್ನಬೇಕು. ಮುಂಡರಗಿಯ ಭೀಮರಾಯನು ಅದಕ್ಕೆ ಐದು ತಿಂಗಳ ಹಿಂದೆ, ಜೂನ್ 1ರಂದು, ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದಿದ್ದನು. ಕಂಪನಿ ಹೋಗಿ ರಾಣಿ ಬಂದರೂ ನದಿಯ ಗಡಿ ಮಾತ್ರ ಕದಲಲಿಲ್ಲ.

ಅದು ಕದಲಲು ಇನ್ನೂ ಒಂದು ಶತಮಾನ ಬೇಕಾಯಿತು. ಸಂಡೂರು ಸಂಸ್ಥಾನವು 1949ರಲ್ಲಿ ಮದರಾಸು ಪ್ರಾಂತದೊಡನೆ ವಿಲೀನವಾಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಅತ್ತ ಸೇರಿದವು. ಬಳ್ಳಾರಿ ಜಿಲ್ಲೆಯ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಬಂದಿತು. ಬಳ್ಳಾರಿ ತಾಲೂಕಿನ ವಿವಾದವನ್ನು ನ್ಯಾಯಮೂರ್ತಿ ಮಿಶ್ರಾ ಅವರು ವಿಚಾರಿಸಿ ಮೈಸೂರಿನ ಪರವಾಗಿ ವರದಿಯಿತ್ತಿದ್ದರು. ವಿಲೀನೋತ್ಸವದ ಹಿಂದಿನ ರಾತ್ರಿ ಬಳ್ಳಾರಿಯಲ್ಲಿ ಚಪ್ಪರವನ್ನು ಕಾಯುತ್ತಿದ್ದ ಪೈಲ್ವಾನ ರಂಜಾನ್ ಸಾಬರು ಆ್ಯಸಿಡ್ ದಾಳಿಗೆ ತುತ್ತಾಗಿ ಪ್ರಾಣ ತೆತ್ತರು. ಏಕೀಕರಣವು ಭಾಷಣಗಳಿಂದಷ್ಟೇ ಆಯಿತೆಂದು ತಿಳಿದ ತರುಣರು ಈ ಹೆಸರನ್ನು ನೆನಪಿಡಬೇಕು.

ಅಷ್ಟಕ್ಕೂ ಸಂಕಟ ಮುಗಿಯಲಿಲ್ಲ. ರಾಜ್ಯ ಪುನರ್ವಿಂಗಡಣಾ ಆಯೋಗವು 1955ರ ತನ್ನ ವರದಿಯಲ್ಲಿ, ತುಂಗಭದ್ರಾ ಯೋಜನೆಯ ನೀರು ಮತ್ತು ಕಾಲುವೆಗಳ ಕಾರಣವನ್ನು ಮುಂದಿಟ್ಟು, ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂದು ಶಿಫಾರಸು ಮಾಡಿತು. ಅದು ಜಾರಿಗೆ ಬಂದಿದ್ದರೆ ತೋರಣಗಲ್ಲಿನಲ್ಲಿ ರೈಲು ಹತ್ತಿದವನು ಪೂರ್ವಕ್ಕೆ ಬಳ್ಳಾರಿಯಲ್ಲಿ ಇಳಿದರೂ ಪಶ್ಚಿಮಕ್ಕೆ ಹೊಸಪೇಟೆಯಲ್ಲಿ ಇಳಿದರೂ ಆಂಧ್ರದಲ್ಲಿಯೇ ಇಳಿಯುತ್ತಿದ್ದನು. ಹಂಪೆ ಒಂದು ರಾಜ್ಯದಲ್ಲಿ, ಆನೆಗೊಂದಿ ಇನ್ನೊಂದರಲ್ಲಿ ಉಳಿಯುತ್ತಿದ್ದವು. ಕೇಂದ್ರ ಸರಕಾರವು ಆ ಶಿಫಾರಸನ್ನು ಕೈಬಿಟ್ಟಿತು.

1956ರ ನವೆಂಬರ್ 1, ಗುರುವಾರ. ಮುಂಬಯಿ, ಹೈದರಾಬಾದು, ಮದರಾಸುಗಳಲ್ಲಿ ಹಂಚಿಹೋಗಿದ್ದ ಕನ್ನಡ ಜಿಲ್ಲೆಗಳೂ ಕೊಡಗೂ ಮೈಸೂರಿನೊಡನೆ ಕೂಡಿದವು. ರಾಯಚೂರು ಜಿಲ್ಲೆಯೊಡನೆ ಗಂಗಾವತಿ, ಕೊಪ್ಪಳಗಳು ಬಂದವು, ಆನೆಗೊಂದಿಯೂ ಬಂದಿತು. ಮದರಾಸು ಮತ್ತು ಹೈದರಾಬಾದು ಸರಕಾರಗಳು ಎರಡು ದಡಗಳಿಂದ ಕೈಗೂಡಿಸಿ ಕಟ್ಟಿದ ತುಂಗಭದ್ರಾ ಅಣೆಕಟ್ಟಿನ ಹೊಸಪೇಟೆಯ ತುದಿ ಮತ್ತು ಮುನಿರಾಬಾದಿನ ತುದಿ ಒಂದೇ ರಾಜ್ಯದಲ್ಲಿ ನಿಂತವು. 156 ವರ್ಷಗಳ ಗಡಿ ಹೀಗೆ ಅಳಿಯಿತು. ಎಲ್ಲ ಕಡೆಯೂ ಹೀಗಾಗಲಿಲ್ಲ: ಅದೇ ದಿನ ಕಾಸರಗೋಡು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು; ಆದವಾನಿ, ರಾಯದುರ್ಗಗಳು ಮರಳಲಿಲ್ಲ.

ಈ ತಾರೀಖುಗಳು ಕೂಡಿಬರುವುದೇಕೆಂದು ವಾಚಕರು ಕೇಳಬಹುದು. ತಿಂಗಳ ಮೊದಲ ದಿನವು ಸರಕಾರಗಳಿಗೆ ಅನುಕೂಲವಾದದ್ದು. ಖಜಾನೆಯ ಲೆಕ್ಕ ಮತ್ತು ನೌಕರರ ಸಂಬಳವನ್ನು ಅಂದಿನಿಂದ ಹೊಸದಾಗಿ ಆರಂಭಿಸಬಹುದು. ಪಂಚಾಂಗದ ಪ್ರಕಾರ ನೋಡಿದರೆ ಇವು ಒಂದೇ ದಿನವೂ ಅಲ್ಲ. 1956ರಲ್ಲಿ ನವೆಂಬರ್ 1 ಆಶ್ವಯುಜ ಬಹುಳದ ಕೊನೆಯಲ್ಲಿ, ದೀಪಾವಳಿಯ ಹೊಸ್ತಿಲಲ್ಲಿ ಬಂದಿತ್ತು; 1973ರಲ್ಲಿ ಅದು ದೀಪಾವಳಿ ಕಳೆದ ಮೇಲೆ, ಕಾರ್ತಿಕ ಶುದ್ಧದಲ್ಲಿ ಬಂದಿತು.

ಕೇವಲ ಆಕಸ್ಮಿಕವಾಗಿ ಈ ದಿನಕ್ಕೆ ಸೇರಿದ ಸಂಗತಿಗಳೂ ಉಂಟು. ಅವುಗಳಲ್ಲೊಂದು ದೂರದ್ದಾದರೂ ಹಂಪೆಯನ್ನು ಮುಟ್ಟುತ್ತದೆ. 1755ರ ನವೆಂಬರ್ 1ರ ಬೆಳಿಗ್ಗೆ, ಸಕಲ ಸಂತರ ಹಬ್ಬಕ್ಕಾಗಿ ಜನ ಇಗರ್ಜಿಗಳಲ್ಲಿ ನೆರೆದಿದ್ದಾಗ, ಪೋರ್ತುಗಲ್ಲಿನ ರಾಜಧಾನಿ ಲಿಸ್ಬನ್ ಭೂಕಂಪಕ್ಕೆ ಸಿಕ್ಕಿತು. ಬಳಿಕ ಸಮುದ್ರ ಉಕ್ಕಿತು, ಬೆಂಕಿ ಹಬ್ಬಿತು. ಹತ್ತಾರು ಸಾವಿರ ಜನ ಸತ್ತರು. ಅರಮನೆಯ ಗ್ರಂಥಭಂಡಾರವೂ ಭಾರತದ ವ್ಯಾಪಾರವನ್ನು ನೋಡಿಕೊಳ್ಳುತ್ತಿದ್ದ ಕಚೇರಿಯ ದಾಖಲೆಗಳೂ ನಾಶವಾದವು. ಗೋವೆಯ ಮೂಲಕ ವಿಜಯನಗರಕ್ಕೆ ಕುದುರೆ ಮಾರಿದವರ ನಾಡು ಅದು. ಕೃಷ್ಣದೇವರಾಯನ ಕಾಲದ ರಾಜಧಾನಿಯನ್ನು ಕಣ್ಣಾರೆ ಕಂಡು ಬರೆದ ಡೊಮಿಂಗೊ ಪಾಯೆಸನ ಬರಹದ ಪ್ರತಿಯೊಂದು ಪ್ಯಾರಿಸಿನಲ್ಲಿ ಉಳಿದಿತ್ತು. 1897ರಲ್ಲಿ ಅದು ಅಚ್ಚಾಯಿತು. 1900ರಲ್ಲಿ ರಾಬರ್ಟ್ ಸೂಯೆಲ್ಲನ ಇಂಗ್ಲಿಷ್ ಅನುವಾದದ ಮೂಲಕ ನಮ್ಮವರೆಗೆ ಬಂದಿತು. ಬೆಂದುಹೋದ ಕಾಗದಗಳಲ್ಲಿ ಹಂಪೆಯ ಬಗೆಗೆ ಏನೇನಿತ್ತೋ ಬಲ್ಲವರಿಲ್ಲ.

1973ರ ತಾರೀಖು ಆಕಸ್ಮಿಕವಲ್ಲ. ಏಕೀಕೃತ ರಾಜ್ಯಕ್ಕೆ ‘ಮೈಸೂರು’ ಎಂಬ ಹೆಸರೇ ಮುಂದುವರಿದಿದ್ದುದು ಈ ಭಾಗದವರಿಗೆ ಸಹಜವಾಗಿಯೇ ಕೊರತೆಯೆನಿಸಿತ್ತು. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, ಹದಿನೇಳು ವರ್ಷಗಳ ಬಳಿಕ, ಅದೇ ನವೆಂಬರ್ 1ರಂದು ‘ಕರ್ನಾಟಕ’ ಎಂಬ ಹೆಸರು ಜಾರಿಗೆ ಬಂದಿತು, ವಾರವೂ ಗುರುವಾರವೇ. ಆ ದಿನವೇ ಇನ್ನೊಂದು ನಾಮಕರಣವೂ ನಡೆಯಿತೆಂಬುದನ್ನು ಬಲ್ಲವರು ವಿರಳ. ಲಕ್ಕದೀವ, ಮಿನಿಕಾಯ್, ಅಮೀನ್‌ದಿವಿ ದ್ವೀಪಗಳಿಗೆ ‘ಲಕ್ಷದ್ವೀಪ’ ಎಂಬ ಹೆಸರು ಬಂದದ್ದು ಅಂದೇ. ಇವುಗಳಲ್ಲಿ ಅಮೀನ್‌ದಿವಿ ದ್ವೀಪಗಳು ಮಂಗಳೂರನ್ನು ಕೇಂದ್ರವಾಗಿ ಉಳ್ಳ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದೇ ಅವು ಆ ಜಿಲ್ಲೆಯಿಂದ ಕಳಚಿ ಕೇಂದ್ರಾಡಳಿತಕ್ಕೆ ಹೋಗಿದ್ದವು.

2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಕನ್ನಡ ಹೆಸರುಗಳು ಇಂಗ್ಲಿಷ್ ಬರವಣಿಗೆಯಲ್ಲಿಯೂ ಅಧಿಕೃತವಾದವು. ಅವುಗಳಲ್ಲಿ ಎರಡು ನಮ್ಮವು, ಬಳ್ಳಾರಿ ಮತ್ತು ಹೊಸಪೇಟೆ. ‘ಬೆಲ್ಲಾರಿ’, ‘ಹಾಸ್ಪೆಟ್’ ಎಂಬ ದೊರೆಗಳ ಕಾಲದ ಕಾಗುಣಿತಗಳು ಕಡತದಿಂದ ಹೊರಬಿದ್ದವು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿ ಹೊಸಪೇಟೆ, ಹಂಪೆಗಳು ಅದಕ್ಕೆ ಸೇರಿದವು. ತೋರಣಗಲ್ಲು, ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದವು. ಈ ಗಡಿಗೆ ಸುಂಕದ ಕಟ್ಟೆಯಿಲ್ಲ, ಬೇರೆ ನಾಣ್ಯವಿಲ್ಲ.